ತಲೆ ತಗ್ಗಿಸಿದ ನೀರಿನ ಎತ್ತರ

ನಮ್ಮ ಪ್ರಯೋಗಶಾಲೆಯಲ್ಲಿ ಆಕೆಯನ್ನು ಎಲ್ಲರೂ ಮುಳ್ಳಕ್ಕ ಎನ್ನುತ್ತಿದ್ದರು. ನೀರಿನ ಮಟ್ಟ ಅಳೆಯುವ ಗೇಜಿನ ತುದಿಯಲ್ಲಿ ಒಂದು ಉಕ್ಕಿನ ಮುಳ್ಳು ಇರುತ್ತದೆ. ತಿರುಪು ತಿರುಗಿಸಿ ಅದನ್ನು ಮೆಲ್ಲಗೆ ಇಳಿಸಿ, ನೀರಿಗೆ ತಾಗಿತೋ ಇಲ್ಲವೋ ಎನ್ನುವಲ್ಲಿ ನಿಲ್ಲಿಸಿ ಅಂಕಿ ಓದಬೇಕು. ನೆಲ ಗುಡಿಸಲು ಸೇರಿದ್ದ ಆಕೆ ಹಳೆಯ ಮೆಕ್ಯಾನಿಕ್ಕಿನ ಪಕ್ಕ ನಿಂತು ನಿಂತೇ ಇದನ್ನು ಕಲಿತವರು. ಗಂಡ ದರ್ಜಿ. ಗಂಡನ ಕಣ್ಣು ಮಸುಕಾದ ಮೇಲೆ, ದಿನಾ ಬೆಳಿಗ್ಗೆ ಹತ್ತು ಸೂಜಿಗೆ ದಾರ ಪೋಣಿಸಿ ಸಾಲಾಗಿ ಚುಚ್ಚಿಟ್ಟು ಕೆಲಸಕ್ಕೆ ಬರುತ್ತಿದ್ದರು. ಅಂಥ ಕಣ್ಣು ಆಕೆಯದು.

ನಾನು ಆಗ ಹೊಸ ಇಂಜಿನಿಯರ್. ಗೊತ್ತಿದ್ದದ್ದು ಅಂಗೈಯಷ್ಟು, ಕೋಪ ಮಾತ್ರ ಮೂಗಿನ ತುದಿಯಲ್ಲೇ. ಒಂದು ಹಳೆಯ ಮಣ್ಣಿನ ಅಣೆಕಟ್ಟಿಗೆ, ಹೆಚ್ಚಿನ ನೀರು ಹೊರಹೋಗುವ ಕೋಡಿ ಸಾಲುತ್ತಿರಲಿಲ್ಲ. ಅಗಲ ಮಾಡೋಣವೆಂದರೆ ಎರಡೂ ಕಡೆ ಬಂಡೆ. ಹಾಗಾಗಿ ಅಲ್ಲಿ ನೇರ ಗೋಡೆಯ ಬದಲು ನೆರಿಗೆ ನೆರಿಗೆಯಾದ ಅಂಕುಡೊಂಕು ಗೋಡೆ ಕಟ್ಟುವುದು ನನ್ನ ಯೋಜನೆ. ಜಾಗ ಅಷ್ಟೇ ಇದ್ದರೂ ಗೋಡೆಯ ಅಂಚು ನಾಲ್ಕು ಪಟ್ಟು ಉದ್ದವಾಗುತ್ತದೆ, ನೀರು ಹೆಚ್ಚು ದಾಟುತ್ತದೆ. ಐವತ್ತರಲ್ಲಿ ಒಂದು ಅಳತೆಯ ಮಾದರಿ ಮಾಡಿ ತೊಟ್ಟಿಯಲ್ಲಿ ಕೂರಿಸಿದ್ದೆವು. ಎಂಥ ಪ್ರವಾಹ ಬಂದರೂ ನೀರು ಕಟ್ಟೆಯ ನೆತ್ತಿ ಏರಬಾರದು. ಏರಿದರೆ ಮಣ್ಣು ಕೊಚ್ಚಿಹೋಗುತ್ತದೆ, ಕೆಳಗಿನ ಪೇಟೆಯೂ ಅದರ ಜೊತೆಗೆ.

ಪರೀಕ್ಷೆ ಚೆನ್ನಾಗಿ ಬಂತು. ಅತಿ ದೊಡ್ಡ ಪ್ರವಾಹದಲ್ಲೂ ನೆತ್ತಿಗೆ ಹದಿನೈದು ಸೆಂಟಿಮೀಟರ್ ಬಾಕಿ. ವರದಿ ಮರುದಿನ ಹೊರಡಬೇಕು. ಅಂಕಿ ಓದಿದವರು ಅಳತೆ ಪುಸ್ತಕದ ಪುಟದ ಕೆಳಗೆ ಸಹಿ ಹಾಕದೆ ವರದಿ ಹೊರಡುವಂತಿಲ್ಲ ಎಂಬುದು ನಮ್ಮಲ್ಲಿನ ನಿಯಮ. ಮುಳ್ಳಕ್ಕ ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ.

“ಗೇಜ್ ಇಟ್ಟಿರೋ ಜಾಗ ಸರಿಯಿಲ್ಲ ಸಾರ್. ಗೋಡೆಗೆ ತೀರಾ ಹತ್ತಿರ ಆಯ್ತು.”

ನನ್ನ ಮೇಜಿನಿಂದ ಕಾಣಲಿ ಎಂದು ಅದನ್ನು ಅಲ್ಲಿಗೆ ಸರಿಸಿದವನು ನಾನೇ.

“ನೀವು ಓದಿ ಹೇಳಿದ್ರೆ ಸಾಕು ಅಕ್ಕ. ಮಿಕ್ಕಿದ್ದು ನನಗೆ ಬಿಡಿ.”

“ನೀರು ಧುಮುಕೋಕೆ ಮುಂಚೆನೇ ತಲೆ ತಗ್ಗಿಸುತ್ತೆ. ತಲೆ ತಗ್ಗಿಸಿ ನಿಂತವನನ್ನ ಅಳೆದು ಕುಳ್ಳ ಅಂತ ಬರ್ಕೊಂಡ ಹಾಗಾಯ್ತು ಇದು.”

ಎಲ್ಲರೆದುರು ಕೂಗಾಡಿಬಿಟ್ಟೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಜೊತೆ ಕೆಲಸ ಮಾಡೋಕಾಗಲ್ಲ ಎಂದೆ. ಆಕೆ ಪೆನ್ನನ್ನು ಪುಸ್ತಕದ ಮೇಲಿಟ್ಟು ಹೊರಟುಹೋದರು.

ಊಟ ಮುಗಿಸಿ ಬಂದರೆ ಪಂಪು ಓಡುತ್ತಿತ್ತು. ಗೇಜನ್ನು ಎರಡು ಮಾರು ಹಿಂದಕ್ಕೆ ಸರಿಸಿಕೊಂಡು, ಊಟದ ಡಬ್ಬಿಯನ್ನೂ ಬಿಚ್ಚದೆ, ನೀರು ಒಂದೇ ಮಟ್ಟಕ್ಕೆ ನಿಲ್ಲಲೆಂದು ಮುಳ್ಳಕ್ಕ ಕಾಯುತ್ತಿದ್ದರು.

“ಬೈಯೋದಿದ್ರೆ ಆಮೇಲೆ ಬೈಯಿರಿ. ಈಗ ಬಂದು ನೀವೇ ಓದಿ.”

ಓದಿದೆ. ನಾಲ್ಕು ಮಿಲಿಮೀಟರ್ ಹೆಚ್ಚು. ಐವತ್ತರಿಂದ ಗುಣಿಸಿದರೆ ಇಪ್ಪತ್ತು ಸೆಂಟಿಮೀಟರ್. ಬಾಕಿ ಇದ್ದದ್ದೇ ಹದಿನೈದು! ನಾನು ಕಟ್ಟಿಸಲು ಹೊರಟಿದ್ದ ಕೋಡಿಯಲ್ಲಿ ನೀರು ಕಟ್ಟೆಯ ನೆತ್ತಿಯ ಮೇಲೆ ಐದು ಸೆಂಟಿಮೀಟರ್ ಹರಿಯುತ್ತಿತ್ತು. ಮೂರು ಕಾಲಿನ ಮೊಲ ಇದ್ದದ್ದು ನನ್ನ ಕೈಯಲ್ಲೇ.

“ಆತುರಗಾರನಿಗೆ ಬುದ್ಧಿ ಮಟ್ಟ” ಎಂದು ಮೆಕ್ಯಾನಿಕ್ ಕಿಚಾಯಿಸಿದ. ಮುಳ್ಳಕ್ಕ ಅವನನ್ನೇ ಗದರಿದರು: “ಸುಮ್ನಿರಪ್ಪ. ಕರೆದ ತಕ್ಷಣ ಬಂದು ಓದಿದ್ರಲ್ಲ, ಅದು ಸಾಲದಾ?”

ವರದಿ ಮೂರು ತಿಂಗಳು ತಡವಾಯಿತು. ನೆರಿಗೆಗಳನ್ನು ಉದ್ದ ಮಾಡಿ, ಹೊಸ ಮಾದರಿ ಕೂರಿಸಿ, ಗೇಜನ್ನು ದೂರವೇ ಇಟ್ಟು ಅಳೆದೆವು. ಇಪ್ಪತ್ತೈದು ಸೆಂಟಿಮೀಟರ್ ಬಾಕಿ ಸಿಕ್ಕಿತು. ಮುಳ್ಳಕ್ಕ ದುಂಡು ಅಕ್ಷರದಲ್ಲಿ ಸಹಿ ಹಾಕಿದರು. ತಡವಾದದ್ದಕ್ಕೆ ಮೇಲಿನವರಿಂದ ಬೈಸಿಕೊಂಡೆ. ಆಕೆಗೆ ಹೇಳಬೇಕಾಗಿದ್ದ ಒಂದು ಮಾತು ಮಾತ್ರ ಗಂಟಲಿನಿಂದ ಹೊರಬರಲಿಲ್ಲ. ಜಂಬ, ಇನ್ನೇನು?

ಹನ್ನೊಂದು ವರ್ಷದ ಮೇಲೆ, ಹೋದ ತಿಂಗಳು, ಆ ನದಿಗೆ ಯಾರೂ ಕಂಡಿರದ ಪ್ರವಾಹ ಬಂತು. ಅಣೆಕಟ್ಟಿನ ಕಾವಲುಗಾರ ಬೆಳಗಿನಿಂದ ಗಂಟೆಗೊಮ್ಮೆ ಫೋನ್ ಮಾಡುತ್ತಿದ್ದ. ಸಂಜೆ ಐದಕ್ಕೆ ನೀರು ಏರುವುದು ನಿಂತಿತು. ನೆತ್ತಿಗೆ ಇಪ್ಪತ್ತಾರು ಸೆಂಟಿಮೀಟರ್ ಬಾಕಿ. ನನ್ನ ಮೊದಲ ಕೋಡಿಯೇ ಅಲ್ಲಿದ್ದಿದ್ದರೆ ಕಟ್ಟೆಯ ಮೇಲೆ ನಾಲ್ಕು ಸೆಂಟಿಮೀಟರ್ ನೀರು ಹರಿದಿರುತ್ತಿತ್ತು. ಪೇಟೆಯಲ್ಲಿ ಆ ಸಂಜೆಯೂ ಅಂಗಡಿಗಳು ತೆರೆದೇ ಇದ್ದವಂತೆ.

ನೆಟ್ಟಗೆ ಮುಳ್ಳಕ್ಕನ ಮನೆಗೆ ಹೋದೆ. ನಿವೃತ್ತಿಯಾಗಿ ಎರಡು ವರ್ಷವಾಗಿತ್ತು. ಕಿಟಕಿಯ ಬಳಿ ಗಂಡ ಹೊಲಿಗೆ ಯಂತ್ರ ತುಳಿಯುತ್ತಿದ್ದರು. ಆಕೆ ಈಗ ಕನ್ನಡಕ ಹಾಕಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದರು. ಅಂಕಿ ಹೇಳಿದೆ.

“ಅಲ್ಲಿ ಗೇಜ್ ಎಲ್ಲಿದೆ?” ಮೊದಲ ಪ್ರಶ್ನೆಯೇ ಅದು.

“ಗೋಡೆಯಿಂದ ದೂರವೇ ಇದೆ ಅಕ್ಕ.”

“ಹಾಗಾದ್ರೆ ನಿಜ” ಎಂದು ಸೂಜಿ ಕೆಳಗಿಟ್ಟರು.

“ಅವತ್ತು ನೀವು ಸಹಿ ಹಾಕಿಬಿಟ್ಟಿದ್ರೆ ಇವತ್ತು ನಾನು ಯಾರ ಮುಖ ನೋಡೋ ಹಾಗಿರ್ತಿತ್ತು ಹೇಳಿ? ಆ ಊರನ್ನ ಉಳಿಸಿದ್ರಿ, ನನ್ನನ್ನೂ ಉಳಿಸಿದ್ರಿ. ಹನ್ನೊಂದು ವರ್ಷ ಒಂದು ಮಾತು ಹೇಳಲಿಲ್ಲ ನಾನು. ನಿಮ್ಮ ಋಣ ತೀರಿಸೋಕಾಗಲ್ಲ ಅಕ್ಕ.”

ಹೇಳುತ್ತ ಹೇಳುತ್ತ ನನ್ನ ಕಣ್ಣು ನೆಲ ನೋಡುತ್ತಿತ್ತು. ಮುಳ್ಳಕ್ಕ ಗದ್ದ ಹಿಡಿದು ಮುಖ ಎತ್ತಿದರು.

“ತಲೆ ಎತ್ತಿ ಸಾರ್” ಎಂದರು, ನಗುತ್ತ. “ಎಷ್ಟು ಬೆಳೆದಿದ್ದೀರಿ ಅಂತ ನೋಡ್ಬೇಕಲ್ಲ.”