ಅಣ್ಣನ ಫಟಫಟಿಗೆ ಹೊಸ ಹಿಡಿ

ಅಣ್ಣನ ಬಲಗೈಯ ಎರಡು ಬೆರಳು ಹೋದದ್ದು ಬಿಜಾಪುರ ಕಡೆಯ ಇಂಡಿ ಊರಿನ ನಮ್ಮ ತೋಟದ ಬಾವಿಯ ಹತ್ತಿರ. ಎಪ್ಪತ್ತರ ದಶಕದ ನಡುವಿನ ಮಾತು. ನಿಂಬೆಗಿಡಗಳಿಗೆ ನೀರು ಬಿಡಲು ಎಂಜಿನ್ ಚಾಲೂ ಮಾಡಿದವನು, ಜಾರುತ್ತಿದ್ದ ಬೆಲ್ಟನ್ನು ಕೈಯಿಂದ ಸರಿಸಲು ಹೋಗಿದ್ದ. ಸೊಲ್ಲಾಪುರದ ದವಾಖಾನೆಯಿಂದ ತಿರುಗಿ ಬಂದಾಗ ಕಿರುಬೆರಳೂ ಅದರ ಪಕ್ಕದ ಬೆರಳೂ ಇರಲಿಲ್ಲ. ಮನೆಯಲ್ಲಿ ಅತ್ತವಳು ಅವ್ವ ಒಬ್ಬಳೇ. ಅಪ್ಪ ಎಂಜಿನ್ನಿಗೆ ಹೊಸ ಬೆಲ್ಟ್ ಹಾಕಿಸಿದ. ನಾನು ಶಿಕ್ಷಕಿಯ ತರಬೇತಿ ಮುಗಿಸಿ, ನೌಕರಿಯ ಆರ್ಡರ್ ಕಾಯುತ್ತ ಮನೆಯಲ್ಲಿದ್ದೆ. ಅಣ್ಣನ ಅಂಗಿಗೆ ಗುಂಡಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಸ್ವಲ್ಪ ದಿನಗಳಲ್ಲಿ ಗುಂಡಿ ಅವನೇ ಹಾಕಿಕೊಂಡ. ಎಡಗೈಯಿಂದ ಸಹಿ ಮಾಡಲೂ ಕಲಿತ. ಆಗದೇ ಉಳಿದದ್ದು ಫಟಫಟಿ. ಮೋಟಾರ್ ಸೈಕಲ್ಲಿಗೆ ನಮ್ಮ ಕಡೆ ಹಾಗೇ ಅನ್ನುತ್ತಿದ್ದರು. ಅದರ ಮೇಲೆ ಅವನು ತೋಟದಿಂದ ತೋಟಕ್ಕೆ ತಿರುಗಿ, ನಿಂಬೆಹಣ್ಣು ನೋಡಿ, ಲಾರಿ ಗೊತ್ತು ಮಾಡುತ್ತಿದ್ದ. ಅದೇ ಅವನ ದುಡಿಮೆ. ವೇಗ ಕೊಡುವ ಎಕ್ಸಿಲೇಟರ್ ಬಲಗಡೆಯ ಹಿಡಿಯಲ್ಲಿತ್ತು. ಆ ಹಿಡಿಯ ರಬ್ಬರು ಸವೆದು, ಬಿಸಿಲಿಗೆ ಕಲ್ಲಿನಂತಾಗಿ, ನುಣ್ಣಗಾಗಿತ್ತು. ಐದು ಬೆರಳಿದ್ದಾಗ ಅದರ ಪರಿವೆಯೇ ಇರಲಿಲ್ಲ. ಈಗ ತಿರುವಲು ಹೋದರೆ ಅಂಗೈ ಜಾರಿ, ಗಾಡಿ ಎರಡು ಸಲ ಕೆಮ್ಮಿ ಬಂದ್ ಬೀಳುತ್ತಿತ್ತು. ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿ ನೋಡಿದ. ಟ್ಯೂಬ್ ತಿರುಗಿತು, ಎಕ್ಸಿಲೇಟರ್ ತಿರುಗಲಿಲ್ಲ.

"ಮಾರಿಬಿಡೂಣು," ಎಂದ ಅಪ್ಪ, ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ. "ಮುದ್ದೇಬಿಹಾಳದ ಅಡತಿ ಅಂಗಡಿ ಸಾಹುಕಾರ ಕೇಳ್ಯಾನ. ಸೋಮವಾರ ನೋಡಾಕ ಬರ್ತಾನ."

ಅಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಬರ್ಲಿ," ಎಂದ.

ಮರುದಿನ ಮುಂಜಾನೆ ನನ್ನನ್ನು ಕರೆದ. "ಸಿಂದಗಿಗೆ ಹೋಗಿ ಚಿಗವ್ವನ್ನ ಮಾತಾಡ್ಸಿ ಬರೂಣು, ನಡಿ." ಚಿಕ್ಕಮ್ಮನ ಮನೆ ಸಿಂದಗಿಯಲ್ಲಿತ್ತು, ನಿಜ. ಆದರೆ ಬಸ್ ಇಳಿದವನು ಅವಳ ಓಣಿಗೆ ಹೊರಳಲಿಲ್ಲ. ಸ್ಟ್ಯಾಂಡಿನ ಎದುರಿನ ಗಾಡಿ ಸಾಮಾನಿನ ಅಂಗಡಿಗೆ ನಡೆದ.

ಅಂಗಡಿಯ ಮಾಲಕರು ಬಿಳಿ ಟೊಪ್ಪಿಗೆಯ ವಯಸ್ಸಾದ ಸಾಹೇಬರು. ಅಣ್ಣನ ಕೈಯನ್ನು ನೋಡಿದರು.

"ಹ್ಯಾಂಡಲ್ಲಿಗೆ ಹಿಡಿ ಬೇಕಾಗಿತ್ರಿ. ಜಾರಬಾರ್ದು," ಎಂದ ಅಣ್ಣ.

ಅವರು ಮೂರು ಜೋಡಿ ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟರು. ಒಂದು ಕೆಂಪು ಪ್ಲಾಸ್ಟಿಕ್ಕಿನದು, ತುದಿಗೆ ಬಣ್ಣದ ಗೊಂಡೆ. ನಾನು ಅದನ್ನೇ ಮುಟ್ಟಿ ನೋಡಿದೆ. "ಅದು ಮದುಮಗನ ಗಾಡಿಗೆ ಛಲೋ ಐತಿ, ತಂಗಿ," ಎಂದು ನಕ್ಕು ಅದನ್ನು ಒಳಗಿಟ್ಟರು. ಎರಡನೆಯದು ದಪ್ಪ, ಸ್ಪಂಜಿನಂತೆ ಮೆತ್ತಗಿತ್ತು. ಅಣ್ಣನಿಗೆ ಕಂಡ ಕೂಡಲೇ ಹಿಡಿಸಿತು. ತೋರಿಸಲೆಂದೇ ಇಟ್ಟಿದ್ದ ಒಂದು ಪೈಪಿಗೆ ಅದನ್ನು ಏರಿಸಿ ಕೊಟ್ಟರು. ಅವನ ಬೆರಳುಗಳು ಸುತ್ತಿ ಬರಲಿಲ್ಲ. ಹಿಂಡಿದರೆ ಸ್ಪಂಜು ಒಳಗೊಳಗೇ ತಿರುಚಿಕೊಂಡಿತು. ಅವನ ಮುಖ ಸಣ್ಣದಾಯಿತು.

ಮೂರನೆಯದು ಕಪ್ಪು ರಬ್ಬರಿನದು. ನಡುವೆ ಸ್ವಲ್ಪ ಉಬ್ಬಿತ್ತು, ಉದ್ದಕ್ಕೂ ಸಣ್ಣ ಗೀರುಗಳಿದ್ದವು. ನೋಡಲು ಏನೂ ಚೆಂದವಿರಲಿಲ್ಲ. ಸಾಹೇಬರು ತಂಬಿಗೆಯಿಂದ ಅಣ್ಣನ ಅಂಗೈ ಮೇಲೆ ಒಂದಿಷ್ಟು ನೀರು ಸುರಿದರು. "ನಮ್ಮ ಬಿಸಲಾಗ ಕೈ ಬೆವರ್ತಾವ್ರಿ. ಈಗ ತಿರುವಿ ನೋಡ್ರಿ." ಪೈಪಿನ ಆಚೆ ತುದಿಯನ್ನು ಗಟ್ಟಿಯಾಗಿ ಹಿಡಿಯಲು ನನಗೆ ಹೇಳಿದರು. ಹಿಡಿದೆ. ಅಣ್ಣ ತಿರುವಿದ. ಪೈಪು ನನ್ನ ಮುಷ್ಟಿಯೊಳಗೆ ಹೊರಳಿ ಅಂಗೈ ಉರಿಯಿತು.

"ಇದಾ," ಎಂದ ಅಣ್ಣ.

"ಕೂಡಿಸೂಮುಂದ ಎಣ್ಣಿ ಹಚ್ಚಬ್ಯಾಡ್ರಿ. ಸಾಬೂನಿನ ನೀರು ಸಾಕು. ಆಮ್ಯಾಲೆ ಒಣಗಾಕ ಬಿಡ್ರಿ," ಎಂದರು ಸಾಹೇಬರು.

ಚಿಗವ್ವನ ಮನೆಯಲ್ಲಿ ಚಹಾ ಕುಡಿದು ಇಂಡಿಗೆ ಮರಳಿದೆವು.

ಮರುದಿನ ಅಪ್ಪ ತೋಟಕ್ಕೆ ಹೋದ ಮೇಲೆ ಅಣ್ಣ ಗಾಡಿಯನ್ನು ಅಂಗಳದ ನೆರಳಿಗೆ ತಂದ. ಹಳೆಯ ರಬ್ಬರನ್ನು ನಾನು ಬ್ಲೇಡಿನಿಂದ ಸೀಳಿ ತೆಗೆದೆ. ಕೆಳಗಿನ ಜಿಡ್ಡನ್ನು ಪೆಟ್ರೋಲ್ ಅದ್ದಿದ ಅರಿವೆಯಿಂದ ಅವನು ಒರೆಸಿದ. ಹೊಸ ಹಿಡಿಗಳಲ್ಲಿ ಎಡಗಡೆಯದು ಸಾಬೂನಿನ ನೀರಿಗೆ ಸಲೀಸಾಗಿ ಹೋಯಿತು. ಬಲಗಡೆಯದು ಅರ್ಧಕ್ಕೆ ನಿಂತಿತು. ಅದನ್ನು ತೆಗೆದು ಬಿಸಿನೀರಿನಲ್ಲಿ ಮುಳುಗಿಸಿ ಮೆತ್ತಗೆ ಮಾಡಿದೆವು. ನಾನು ತಿರುವುತ್ತ ಒತ್ತಿದೆ, ಅವನು ತನ್ನ ಎದೆಯನ್ನು ಕೊಟ್ಟು ನೂಕಿದ. ಪಟ್ಟನೆ ಬುಡದವರೆಗೆ ಹೋಗಿ ಕೂತಿತು. ಇಬ್ಬರಿಗೂ ನಗು ಬಂತು. ಅಪಘಾತವಾದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಆಗಲೇ ಮೊದಲು.

ರಬ್ಬರು ಪೂರ್ತಿ ಒಣಗಿದ ಮೇಲೆ, ಭಾನುವಾರ ಗಾಡಿಗೆ ಕಿಕ್ ಹೊಡೆದ. ಎಕ್ಸಿಲೇಟರ್ ತಿರುವಿದ, ಬಿಟ್ಟ. ಅದು ಹಿಂದಕ್ಕೆ ಬರಲಿಲ್ಲ. ಎಂಜಿನ್ ಒಂದೇ ಸಮ ಒದರತೊಡಗಿತು. ಕಟ್ಟಿದ ಎಮ್ಮೆ ಹಗ್ಗ ಜಗ್ಗಿತು. ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಮತ್ತೇನು ಕಳ್ಕೊಳ್ಳಾಕತ್ತೀಯೋ, ಬಂದ್ ಮಾಡೋ!"

ಅಣ್ಣ ಕಲ್ಲಿನಂತೆ ನಿಂತಿದ್ದ. ಅವನ ಕಣ್ಣು ಗಾಡಿಯ ಮೇಲಿರಲಿಲ್ಲ, ಬಲಗೈ ಮೇಲಿತ್ತು. ಚಾವಿ ತಿರುವಿದ್ದು ನಾನು. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹೋಗಿ ಕಟ್ಟೆಯ ಮೇಲೆ ಕೂತ. ನಾನು ಬಗ್ಗಿ ನೋಡಿದೆ: ಹಿಡಿಯ ಅಂಚು ಒಳಗಿನ ಕಬ್ಬಿಣಕ್ಕೆ ಒತ್ತಿಕೊಂಡು ಉಜ್ಜುತ್ತಿತ್ತು. ಅಂಚನ್ನು ಹಿಡಿದು ತುಸು ಹೊರಕ್ಕೆ ಎಳೆದು, ನಡುವೆ ಒಂದು ಕಾಗದ ತೂರುವಷ್ಟು ಸಂದು ಬಿಟ್ಟೆ. ತಿರುವಿ ಬಿಟ್ಟರೆ ಈಗ ಟಪ್ಪನೆ ಹಿಂದಕ್ಕೆ ಬಂತು.

"ಅಣ್ಣಾ, ನೋಡ ಬಾ."

"ನೀನಾ ಚಾಲೂ ಮಾಡು," ಎಂದ. ಸೀರೆಯುಟ್ಟು ಕಿಕ್ ಹೊಡೆಯುವುದು ನನ್ನಿಂದಾಗಲಿಲ್ಲ. ನನ್ನ ಒದ್ದಾಟ ನೋಡಲಾಗದೆ ಕೊನೆಗೆ ಅವನೇ ಎದ್ದು ಬಂದು ಕಿಕ್ ಹೊಡೆದ.

ಸೋಮವಾರ ಸಾಹುಕಾರರು ಬಂದರು. ಟೈರು ಒತ್ತಿದರು, ದೀಪ ನೋಡಿದರು. "ಹೊಸಾ ಹಿಡಿ ಹಾಕೀರಿ," ಎಂದರು. "ಓಡ್ಸಿ ತೋರ್ಸೋರು ಯಾರ್ರಿ?"

"ಹಿಂದ ಕೂಡ್ರಿ," ಎಂದ ಅಣ್ಣ.

ಇಬ್ಬರೂ ಹೊರಟು ಸಿಂದಗಿ ರಸ್ತೆಗೆ ಹೊರಳಿದರು. ಸಪ್ಪಳ ಕ್ಷೀಣವಾಗಿ ಆಮೇಲೆ ಕೇಳಿಸದಾಯಿತು. ಅವ್ವ ದೇವರ ಮುಂದೆ ಹೋಗಿ ಕೂತಳು. ಅಪ್ಪ ಊರ ಅಗಸೆ ಬಾಗಿಲವರೆಗೂ ನಡೆದು ಅಲ್ಲೇ ನಿಂತ. ಗಾಡಿ ತಿರುಗಿ ಬಂದಾಗ ಸಾಹುಕಾರರ ತಲೆಯ ಪಟಕ ಧೂಳಾಗಿತ್ತು. "ಛಲೋ ಐತ್ರಿ ಗಾಡಿ. ಮಾತಾಡೂಣಲಾ?"

ಅಪ್ಪ ಅಣ್ಣನನ್ನು ನೋಡಿದ. "ಊಟಾ ಮಾಡಿ ಹೋಗ್ರಿ ಸಾಹುಕಾರ್ರ," ಎಂದ. "ಗಾಡಿ ಮಾತ್ರ ಕೊಡಾಕಾಗೂದಿಲ್ಲ. ನನ್ನ ಮಗಗ ಬೇಕಾಗೈತಿ."

ಅವರು ಸಿಟ್ಟಾಗಲಿಲ್ಲ. ಉಂಡು, ಮಜ್ಜಿಗೆ ಕುಡಿದು ಹೋದರು.

ಮಳೆಗಾಲದ ಹೊತ್ತಿಗೆ ನನಗೆ ಬಸವನ ಬಾಗೇವಾಡಿಯ ಹತ್ತಿರದ ಸಾಲಿಗೆ ಆರ್ಡರ್ ಬಂತು. ಟ್ರಂಕು ಬಸ್ಸಿನಲ್ಲಿ ಹೋಯಿತು, ನಾನು ಅಣ್ಣನ ಹಿಂದೆ ಕೂತು ಹೋದೆ. ಬಿಜಾಪುರ ದಾಟಿದ ಮೇಲೆ ಒಂದು ಬೇವಿನ ಮರದಡಿ ನಿಲ್ಲಿಸಿ ಕೈ ಝಾಡಿಸಿದ.

"ನೋಯಾಕತ್ತೈತೇನು?"

"ಇಲ್ಲದ ಬೆರಳ ನೋಯ್ತಾವ. ಇದ್ದವು ಆರಾಮ ಅದಾವ," ಎಂದು ಮತ್ತೆ ಗಾಡಿ ಹತ್ತಿದ.

ಮುಂದೆ ಎಷ್ಟೋ ವರ್ಷ ಅವನು ಅದನ್ನೇ ಓಡಿಸಿದ. ಚಳಿಗಾಲದ ಮುಂಜಾನೆ ಕೈ ಮರಗಟ್ಟಿದಾಗ ಅಪ್ಪನೇ ಅವನನ್ನು ಒಲೆಯ ಮುಂದೆ ಕೂಡಿಸಿಕೊಂಡು ಅಂಗೈ ತಿಕ್ಕುತ್ತಿದ್ದನಂತೆ. ಅವ್ವ ಹೇಳಿದ್ದು. ನಾನು ಮನೆಗೆ ಹೋಗುತ್ತಿದ್ದದ್ದು ಬೇಸಿಗೆಯ ಸೂಟಿಗೆ ಮಾತ್ರ, ಅದನ್ನು ಕಣ್ಣಾರೆ ನೋಡಲಿಲ್ಲ.