ನನ್ನ ಬದಿಯ ಬ್ರೇಕು

ಮರುಭೂಮಿಗೆ ಹೊರಡುವವರು ಕ್ಯಾಮೆರಾ ನೆನಪಿಟ್ಟುಕೊಳ್ಳುತ್ತಾರೆ. ನಾನು ನೆನಪಿಟ್ಟುಕೊಂಡದ್ದು ಎರಡು ಕ್ಯಾನ್ ನೀರು, ಟೈರಿಗೆ ಗಾಳಿ ತುಂಬುವ ಪಂಪು, ನೋವಿನ ಬಾಮು ಮತ್ತು ರಾಸ್ ಅಲ್ ಖೋರ್‌ನ ಮೆಕ್ಯಾನಿಕ್‌ನ ನಂಬರು. ಕಾರಿನ ಬ್ರೇಕು ಚೆನ್ನಾಗಿದೆ ಎಂದು ಅವನು ಹೇಳಿದ್ದೇ ನನಗೊಂದು ಹೊಸ ಚಿಂತೆಯಾಗಿತ್ತು. ಅಷ್ಟು ಬೇಗ ಹೇಗೆ ಗೊತ್ತಾಯಿತು?

ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಲಿವಾದ ಮರಳುಗುಡ್ಡಗಳನ್ನು, ದಾರಿಯಲ್ಲಿ ಕಂಡರೆ ಉದ್ದ ಕೋಡಿನ ಬಿಳಿ ಓರಿಕ್ಸ್ ಜಿಂಕೆಗಳನ್ನು ನೋಡಬೇಕೆಂಬುದು ಹೆಂಡತಿಯ ಆಸೆ. ಕಾರನ್ನು ತಾನೇ ಓಡಿಸಬೇಕೆಂಬುದು ಇನ್ನೊಂದು ಆಸೆ. ರೋಡ್ ಟೆಸ್ಟಿನಲ್ಲಿ ಮತ್ತೆ ಮತ್ತೆ ಫೇಲಾಗಿ, ಕೊನೆಗೂ ಅವಳ ಕೈಗೆ ಲೈಸೆನ್ಸ್ ಬಂದಿತ್ತು. ಶಾರ್ಜಾದಾಚೆಯ ಶಾಲೆಯೊಂದು ಅವಳನ್ನು ಗಣಿತ ಕಲಿಸಲು ಕರೆದಿತ್ತು. ಮಗಳು ಹುಟ್ಟಿದಾಗ ಬಿಟ್ಟ ಕೆಲಸ ಅದು. ಆದರೆ ಅಲ್ಲಿಗೆ ಬಸ್ಸಿಲ್ಲ. ದಿನವೂ ಹೈವೇಯಲ್ಲಿ ಒಬ್ಬಳೇ ಓಡಿಸಿಕೊಂಡು ಹೋಗಬೇಕು. ಸೋಮವಾರ ಬೆಳಿಗ್ಗೆ ಉತ್ತರ ಹೇಳಬೇಕಿತ್ತು. ನಾವು ಹೊರಟದ್ದು ಭಾನುವಾರ.

“ಹೋಗಿ ಬರುವವರೆಗೆ ಪೂರ್ತಿ ಕಾರು ನಾನೇ ಬಿಡುವುದು,” ಎಂದಳು, ಅಲ್ ಕುಸೈಸ್‌ನ ನಮ್ಮ ಕಟ್ಟಡದ ಕೆಳಗೆ ಸೀಟು ಮುಂದೆಳೆದುಕೊಳ್ಳುತ್ತ. “ಮಧ್ಯೆ ಒಂದು ಸಲ ನಿಮ್ಮ ಕೈಗೆ ಕೊಟ್ಟೆನಾ, ಖಲಾಸ್. ಕೆಲಸ ಬೇಡ ಅಂತ ಹೇಳ್ತೇನೆ. ಮತ್ತೆ, ದಾರಿಯಲ್ಲಿ ನೀವು ಬಾಯಿ ತೆರೀಬಾರ್ದು.”

“ಚಾ ಕುಡೀಲಿಕ್ಕೆ?”

“ಚಾಕ್ಕೆ ತೆರೀಬಹುದು.”

ಅಬುಧಾಬಿ ದಾಟುವವರೆಗೆ ನಾನು ಮಾತು ಉಳಿಸಿಕೊಂಡೆ. ಬಾಯಿಯ ಕೆಲಸವನ್ನೆಲ್ಲ ಬಲಗಾಲು ವಹಿಸಿಕೊಂಡಿತ್ತು. ಹಿಂದಿನಿಂದ ಲೈಟು ಮಿನುಗಿಸಿಕೊಂಡು ಬಂದ ಪ್ರತಿಯೊಂದು ದೊಡ್ಡ ಕಾರಿಗೂ, ಮುಂದಿನ ಪ್ರತಿಯೊಂದು ಲಾರಿಗೂ ನನ್ನ ಬದಿಯಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇದ್ದೆ. ಅವಳಿಗದು ಕಾಣುತ್ತಿತ್ತು.

ಹಮೀಮ್ ಎಂಬ ಊರು ಕಳೆದು ಸ್ವಲ್ಪ ದೂರ ಹೋದ ಮೇಲೆ ನಾವು ಒಳದಾರಿಗೆ ಇಳಿದೆವು. ಎರಡೂ ಕಡೆಗೆ ಒಂದೊಂದೇ ಲೇನು. ಗಾಳಿಗೆ ಮರಳು ಡಾಮರಿನ ಮೇಲೆ ಹೊಗೆಯಂತೆ ಹರಿಯುತ್ತಿತ್ತು. ಹಿಂದೆ ಒಂದು ನೀರಿನ ಟ್ಯಾಂಕರ್ ಅಂಟಿಕೊಂಡಿತು. ಕನ್ನಡಿಯ ತುಂಬ ಅದರದೇ ಮುಖ. ನಮ್ಮ ಫೋನಿನಲ್ಲಿ ಸಿಗ್ನಲ್ ಹೋಗಿತ್ತು. ನಾನದನ್ನು ಆಗಾಗ ನೋಡಿ ಖಚಿತಪಡಿಸಿಕೊಳ್ಳುತ್ತಿದ್ದೆ.

ಮುಂದೆ ಬೇಲಿಯ ಗೇಟೊಂದು ತೆರೆದಿತ್ತು. ಒಂಟೆಯೊಂದು ಎಡದಿಂದ ಬಲಕ್ಕೆ ನಿಧಾನವಾಗಿ ದಾಟಿ, ನನ್ನ ಬದಿಯ ಮರಳಿನಲ್ಲಿ ನಿಂತಿತು. ರಸ್ತೆ ಖಾಲಿ. ಆದರೆ ಅವಳು ವೇಗ ಇಳಿಸುತ್ತಲೇ ಹೋದಳು. ನಾಲ್ಕೂ ಇಂಡಿಕೇಟರ್ ಹಾಕಿದಳು. ಟ್ಯಾಂಕರಿನ ಹಾರ್ನು ನನ್ನ ಬೆನ್ನಿಗೇ ಬಡಿದಂತಾಯಿತು.

“ಹೋಗು ಮಾರಾಯ್ತಿ! ಅದು ದಾಟಿ ಆಯ್ತು! ಹಿಂದೆ ನೋಡು, ನಮ್ಮನ್ನು ಅಪ್ಪಚ್ಚಿ ಮಾಡ್ತಾನೆ!”

“ಸುಮ್ನೆ ಕೂತ್ಕೊಳ್ಳಿ.”

ಕಾರು ನಿಂತೇ ಬಿಟ್ಟಿತು. ನಾನು ಕಣ್ಣು ಮುಚ್ಚಿದೆ. ಟ್ಯಾಂಕರ್ ಕಿರುಚಿಕೊಂಡು ನಿಂತ ಸದ್ದು ಕೇಳಿ ಕಣ್ಣು ತೆರೆದಾಗ, ಎಡಗಡೆಯ ಮರಳು ದಿಬ್ಬದ ಹಿಂದಿನಿಂದ ಮರಿಯೊಂದು ಹೊರಬಿದ್ದು, ಉದ್ದ ಕಾಲುಗಳನ್ನು ಎಲ್ಲೆಲ್ಲಿಗೋ ಎಸೆಯುತ್ತ ನಮ್ಮ ಬಾನೆಟ್ಟಿನ ಮುಂದೆಯೇ ತಾಯಿಯ ಕಡೆಗೆ ಓಡಿತು. ಅವಳಿಗೆ ದಿಬ್ಬದ ಮೇಲೆ ಅದರ ಕಿವಿ ಮೊದಲೇ ಕಂಡಿತ್ತಂತೆ.

ಟ್ಯಾಂಕರಿನವನು ಪಕ್ಕದಿಂದ ದಾಟುವಾಗ ಕೈಯೆತ್ತಿ ಸಲಾಂ ಹೊಡೆದ. ನನಗಲ್ಲ.

ಅವಳು ಕಾರನ್ನು ಬದಿಗೆ ತಂದು ಆಫ್ ಮಾಡಿದಳು. ಆಮೇಲೆ ಸ್ಟೇರಿಂಗ್ ಮೇಲಿದ್ದ ಅವಳ ಎರಡೂ ಕೈ ನಡುಗಲು ಶುರುವಾಯಿತು.

“ಇನ್ನು ನನ್ನಿಂದಾಗುದಿಲ್ಲ. ನೀವೇ ಬಿಡಿ.”

“ಶಾಲೆ?”

“ಬೇಡ ಅಂತ ಹೇಳ್ತೇನೆ.”

ಅವಳು ಆಗಲೇ ಬೆಲ್ಟು ಬಿಚ್ಚಿ ಕೆಳಗಿಳಿದಿದ್ದಳು. ನನ್ನ ಇಷ್ಟು ದಿನದ ಚಿಂತೆಯೆಲ್ಲ ಒಂದೇ ಮಾತಿಗೆ ಮುಗಿಯುವುದರಲ್ಲಿತ್ತು. ಕೀಲಿ ತೆಗೆದುಕೊಂಡರೆ ಸಾಕು. ಆದರೆ ಸಮಾಧಾನವಾಗಲಿಲ್ಲ. ಬಾಗಿಲು ತೆರೆದು ಬಲಗಾಲು ಊರಿದೆ. ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿ, ನಾನು “ಅಯ್ಯಮ್ಮಾ” ಎಂದು ಬಾಗಿಲಿಗೆ ಜೋತುಬಿದ್ದೆ.

“ಎಂತಾಯ್ತು? ಎದೆಯಾ?”

“ಕಾಲು. ಬ್ರೇಕ್ ಒತ್ತಿ ಒತ್ತಿ.”

ಅವಳು ನನ್ನ ಕಾಲನ್ನೂ, ಅಲ್ಲಿ ಹಾಸಿದ್ದ ಮ್ಯಾಟನ್ನೂ ನೋಡಿದಳು. “ಎಲ್ಲುಂಟು ಮಾರಾಯ್ರೆ ಅಲ್ಲಿ ಬ್ರೇಕು?”

ರಸ್ತೆ ಬದಿಯಲ್ಲಿ, ಆ ಬಿಸಿಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಾಮು ಹಚ್ಚಿ ಉಜ್ಜಿದಳು. ಉಜ್ಜುತ್ತ ಉಜ್ಜುತ್ತ ಅವಳ ಕೈಯ ನಡುಕ ನಿಂತದ್ದು ನನ್ನ ಕಾಲಿಗೆ ಗೊತ್ತಾಯಿತು.

“ನಾಟಕ ಅಲ್ವಾ ಇದು?”

“ದೇವರಾಣೆಗೂ ಅಲ್ಲ. ಈ ಕಾಲಲ್ಲಿ ನಾನು ಬಿಟ್ಟರೆ ಇಬ್ಬರೂ ಮನೆ ಸೇರುವುದಿಲ್ಲ.”

ಅವಳು ತಾಯಿ ಮರಿ ಹೋದ ದಿಕ್ಕನ್ನು ಸ್ವಲ್ಪ ಹೊತ್ತು ನೋಡಿದಳು. ಮತ್ತೆ ಹೋಗಿ ತನ್ನ ಸೀಟಿನಲ್ಲೇ ಕೂತು ಕನ್ನಡಿ ಸರಿ ಮಾಡಿಕೊಂಡಳು. “ಕಾಲು ಮೇಲೆ ಮಡಚಿ ಕೂತ್ಕೊಳ್ಳಿ. ಯಲ್ಲಾ, ಹೊರಡುವ.”

ಲಿವಾಕ್ಕೂ ಅವಳೇ, ವಾಪಸ್ಸೂ ಅವಳೇ. ಮರಳುವಾಗ ಇಳಿಬಿಸಿಲಿನಲ್ಲಿ ಬೇಲಿಯಾಚೆ ಓರಿಕ್ಸ್‌ಗಳ ಹಿಂಡು ಕಂಡಿತು, ಬೆಳ್ಳನೆಯ ಮೈ, ನೆಟ್ಟಗಿನ ಕೋಡುಗಳು. ಅವಳು ರಸ್ತೆಯನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಲಾರಿಯಿತ್ತು. ನಾನು ಬಾಯಿ ಬಿಡಲಿಲ್ಲ.

ಸೋಮವಾರ ಅವಳು ಶಾಲೆಗೆ ಬರುತ್ತೇನೆಂದು ತಿಳಿಸಿದ ಮೇಲಷ್ಟೇ ಓರಿಕ್ಸ್ ವಿಷಯ ಹೇಳಿದೆ.

“ಒಂಟೆ ಬಂದಾಗ ಅಷ್ಟು ದೊಡ್ಡ ಬಾಯಿತ್ತಲ್ಲ,” ಎಂದಳು, “ಓರಿಕ್ಸ್ ಕಂಡಾಗ ಎಲ್ಲಿ ಹೋಗಿತ್ತು ಅದು?”