ಕಂಡದ್ದಾ, ಕೇಳಿದ್ದಾ? ಓಲೆಯಕ್ಕನವರ ಎದುರಿನ ಕುರ್ಚಿ

ಪತ್ರಿಕೆಯ ಕಚೇರಿಗಳಲ್ಲಿ ಸಂಪಾದಕರ ಭಾವಚಿತ್ರ ಗೋಡೆಗೇರುತ್ತದೆ, ವರದಿಗಾರರ ಹೆಸರು ಸುದ್ದಿಯ ಮೇಲೆ ಅಚ್ಚಾಗುತ್ತದೆ, ಅಂಕಣಕಾರರಿಗೆ ಸಭೆಗಳಲ್ಲಿ ಶಾಲು ಹೊದಿಸುತ್ತಾರೆ. ಓದುಗರ ಪತ್ರಗಳ ಪುಟವನ್ನು ದಿನದಿನವೂ ಕಟ್ಟುವವರು ಯಾರೆಂದು ಮಾತ್ರ ಯಾರೂ ಕೇಳುವುದಿಲ್ಲ. ಅಂಥ ಒಂದು ಪುಟವನ್ನು ಮೂವತ್ತೆಂಟು ವರ್ಷ ನಡೆಸಿ, ಇದೀಗ ನಿವೃತ್ತರಾಗುತ್ತಿರುವ ಹಿರಿಯರನ್ನು ಅಚ್ಚುಕೂಟದಿಂದ ಹಿಡಿದು ಮಾಲೀಕರ ಕೋಣೆಯವರೆಗೂ ಎಲ್ಲರೂ ಕರೆಯುವುದು ‘ಓಲೆಯಕ್ಕ’ ಎಂದೇ. ಈ ನಗರದಲ್ಲಿ ಸಾಮಾನ್ಯ ಮನುಷ್ಯನೊಬ್ಬ ತನ್ನ ಮನಸ್ಸಿನ ಮಾತನ್ನು ಹೆದರದೆ ಹತ್ತು ಜನಕ್ಕೆ ಮುಟ್ಟಿಸಬಲ್ಲವನಾಗಿದ್ದರೆ ಅದರಲ್ಲಿ ಅವರ ಪಾಲು ಬಹಳ ದೊಡ್ಡದು, ಇದರಲ್ಲಿ ಎರಡು ಮಾತಿಲ್ಲ.

ಅವರ ಮೇಜಿನ ಎದುರಿಗೆ ಬೆತ್ತದ ಒಂದು ಕುರ್ಚಿಯಿತ್ತು. ಒಂದು ಕೈ ಸಡಿಲವಾಗಿ, ಒರಗಿದರೆ ಕಿರ್ರೆನ್ನುತ್ತಿದ್ದ ಆ ಕುರ್ಚಿಯಲ್ಲಿ ಈ ಊರಿನ ಎಷ್ಟು ಸಿಟ್ಟು ಕುಳಿತೆದ್ದಿದೆಯೋ ಲೆಕ್ಕವಿಲ್ಲ. ಓಲೆಯಕ್ಕನವರ ಪದ್ಧತಿ ಸರಳವಾಗಿತ್ತು. ಹೆಸರಿಲ್ಲದೆ ಪತ್ರ ಅಚ್ಚಾಗಬೇಕೆ? ಆಗಲಿ. ಆದರೆ ಬರೆದವರು ಖುದ್ದಾಗಿ ಬರಬೇಕು, ಒಂದು ಚೀಟಿಯಲ್ಲಿ ತಮ್ಮ ಹೆಸರು, ವಿಳಾಸ ಬರೆದು ಕೊಡಬೇಕು, ಆ ಕುರ್ಚಿಯಲ್ಲಿ ಕುಳಿತು ತಮ್ಮ ಪತ್ರವನ್ನು ತಾವೇ ಗಟ್ಟಿಯಾಗಿ ಓದಬೇಕು. ಒಂದೊಂದು ವಾಕ್ಯ ಮುಗಿದಾಗಲೂ ಅಕ್ಕನವರು ಕನ್ನಡಕದ ಮೇಲಿನಿಂದ ನೋಡಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಕಂಡದ್ದಾ, ಕೇಳಿದ್ದಾ?”

ಅವರು ಯಾರ ಪತ್ರದಲ್ಲೂ ಒಂದಕ್ಷರ ಹೊಡೆದವರಲ್ಲ. ಹೊಡೆಯುತ್ತಿದ್ದವರು ಬರೆದವರೇ. ಬಸ್ಸಿನ ಕಂಡಕ್ಟರುಗಳ ಮೇಲೆ ನಾಲ್ಕು ಹಾಳೆ ಬರೆದು ತಂದಿದ್ದ ನಿವೃತ್ತ ಗುಮಾಸ್ತರೊಬ್ಬರು ಓದಿ ಮುಗಿಸುವ ಹೊತ್ತಿಗೆ ಎರಡೇ ಸಾಲು ಉಳಿದಿದ್ದವು, ಅದರಲ್ಲಿ ಒಂದು ನಮಸ್ಕಾರ. ಇನ್ನೊಬ್ಬ ವಕೀಲರು ಮೂಗು ಮುರಿದು, ಇದು ಮಾತಿನ ಸ್ವಾತಂತ್ರ್ಯದ ಕತ್ತು ಹಿಸುಕುವ ಕೆಲಸವೆಂದು ಮೇಜು ಗುದ್ದಿದರಂತೆ. ಅಕ್ಕನವರು ಅವರ ಮುಂದೆ ನೀರಿನ ಲೋಟ ಸರಿಸಿ, ನಾನು ಓದಿ ಎಂದೆನೇ ಹೊರತು ಬಿಡಿ ಎನ್ನಲಿಲ್ಲವಲ್ಲ ಎಂದರಂತೆ. ವಕೀಲರು ನೀರು ಕುಡಿದು ಓದಿದರು. ಪತ್ರ ಮರುದಿನವೇ ಅಚ್ಚಾಯಿತು.

ಹೆಸರಿನ ಚೀಟಿಗಳು ಹೋಗುತ್ತಿದ್ದುದು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಗೆ. ಡಬ್ಬಿ ಬೀಗದ ಖಾನೆಯಲ್ಲಿ, ಬೀಗದ ಕೈ ಅಕ್ಕನವರ ಕೊರಳಲ್ಲಿ. ಸಹೋದ್ಯೋಗಿಗಳು ಅದನ್ನು ಚಿನ್ನದ ಸರವೆಂದೇ ಗೇಲಿ ಮಾಡುತ್ತಿದ್ದರು.

ಅವರು ಆ ಮೇಜಿಗೆ ಬಂದು ಒಂಬತ್ತು ವರ್ಷವಾಗಿದ್ದಾಗ, ಒಂದು ಮಧ್ಯಾಹ್ನ, ನಗರದ ನೀರು ಪರೀಕ್ಷಿಸುವ ಪ್ರಯೋಗಾಲಯದ ಕಿರಿಯ ಪರೀಕ್ಷಕನೊಬ್ಬ ಆ ಕುರ್ಚಿಯಲ್ಲಿ ಬಂದು ಕುಳಿತ. ವಯಸ್ಸು ಇಪ್ಪತ್ತೇಳು. ಕೆಲಸ ಖಾಯಂ ಆಗಿ ಆರು ತಿಂಗಳಾಗಿತ್ತು, ಹೆಂಡತಿ ಏಳು ತಿಂಗಳ ಗರ್ಭಿಣಿ. ಅಂಗೈ ಬೆವತು ಹಾಳೆಯ ಅಂಚೂ ಹೆಸರಿನ ಚೀಟಿಯ ಅಂಚೂ ಒದ್ದೆಯಾಗಿದ್ದವು. ಹನ್ನೆರಡು ವಾಕ್ಯಗಳ ಆ ಪತ್ರ ಹೀಗೆ ಶುರುವಾಗುತ್ತಿತ್ತು: “ನಮ್ಮ ಪ್ರಯೋಗಾಲಯದಲ್ಲಿ ನಾಳೆಯ ನೀರಿನ ಪರೀಕ್ಷೆ ಇಂದೇ ಮುಗಿದಿರುತ್ತದೆ.” ಕೊಳವೆ ಸಾಲಿನ ಕೊನೆಯ ಬೀದಿಗಳ ನೀರನ್ನು ಮೂರು ತಿಂಗಳಿನಿಂದ ಯಾರೂ ಪರೀಕ್ಷಿಸಿಲ್ಲ, ವಾರದ ಫಲಿತಾಂಶವನ್ನೆಲ್ಲ ಒಂದೇ ಸಲ ಕುಳಿತು, ಒಂದೇ ಶಾಯಿಯಲ್ಲಿ ದಾಖಲೆ ಪುಸ್ತಕಕ್ಕೆ ತುಂಬಲಾಗುತ್ತಿದೆ, ತುಂಬಿಸುತ್ತಿರುವವರು ಮುಖ್ಯಸ್ಥರೇ ಎಂಬುದು ಪತ್ರದ ತಿರುಳು. ಅವನು ಓದಿದ, ಅಕ್ಕನವರು ಕೇಳಿದರು. ಕಂಡದ್ದು, ಕಂಡದ್ದು, ಕಂಡದ್ದು ಎಂದು ಎಂಟು ವಾಕ್ಯ ಸಾಗಿತು. ಒಂಬತ್ತನೆಯ ವಾಕ್ಯಕ್ಕೆ ದೂರವಾಣಿ ಬಡಿದುಕೊಂಡಿತು. ಪುಟ ತಡವಾಯಿತೆಂದು ಅಚ್ಚುಕೂಟದವರ ಗದರಿಕೆ. ಅಕ್ಕನವರು ಒಂದು ಕಿವಿಯನ್ನು ಅತ್ತ ಕೊಟ್ಟು, ಓದುತ್ತಾ ಹೋಗಿ ಎಂದು ಕೈಸನ್ನೆ ಮಾಡಿದರು. ಅವನು ಆ ವಾಕ್ಯವನ್ನು ಗಡಬಡಿಸಿ ಓದಿ ದಾಟಿಬಿಟ್ಟ. ತಮ್ಮ ಪ್ರಶ್ನೆಯನ್ನು ಅವರು ಮರೆತದ್ದು ಅದೊಂದೇ ಸಲ.

ಒಂಬತ್ತನೆಯ ವಾಕ್ಯ ಇದು: “ಮಾದರಿ ತರುವ ನೌಕರರು ಬೀದಿಗಳಿಗೆ ಹೋಗದೆ ಕಚೇರಿಯ ನಲ್ಲಿಯಲ್ಲೇ ಬಾಟಲಿ ತುಂಬಿಸುತ್ತಾರೆ.” ಇದನ್ನು ಅವನು ಕಂಡಿರಲಿಲ್ಲ. ಕ್ಯಾಂಟೀನಿನಲ್ಲಿ ಯಾರೋ ನಕ್ಕು ಹೇಳಿದ್ದನ್ನು ಕೇಳಿದ್ದ, ಅಷ್ಟೇ.

‘ನೀರು ಕುಡಿಯುವವನೊಬ್ಬ’ ಎಂಬ ಅಂಕಿತದಲ್ಲಿ ಪತ್ರ ಅಚ್ಚಾಯಿತು. ಊರಿಗೆ ಊರೇ ಮಾತಾಡಿಕೊಂಡಿತು. ಮೂರನೆಯ ದಿನ ಇಲಾಖೆ ಕ್ರಮ ಕೈಗೊಂಡಿತು. ಅಮಾನತಾದವರು ಮುಖ್ಯಸ್ಥರಲ್ಲ. ಇಪ್ಪತ್ತೆರಡು ವರ್ಷ ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು ಬೀದಿಬೀದಿಯ ನಲ್ಲಿಯಿಂದ ಮಾದರಿ ತರುತ್ತಿದ್ದ, ಕಚೇರಿಯಲ್ಲಿ ಎಲ್ಲರೂ ‘ಬಾಟಲಿ ಯಜಮಾನರು’ ಎನ್ನುತ್ತಿದ್ದ ಹಿರಿಯ ನೌಕರರು. ಅವರು ಕೊನೆಯ ಬೀದಿಗಳಿಗೂ ತಪ್ಪದೆ ಹೋಗುತ್ತಿದ್ದರು. ತಂದ ಬಾಟಲಿಗಳನ್ನು ಮುಚ್ಚಳ ತೆರೆದು ತೊಟ್ಟಿಗೆ ಸುರಿಯುತ್ತಿದ್ದವರು ಮುಖ್ಯಸ್ಥರು. ಯಾರದೋ ತಪ್ಪಿಗೆ ಯಾರದೋ ತಲೆದಂಡವಾಯಿತು, ಅದಕ್ಕೆ ಕತ್ತಿ ಒದಗಿಸಿದ್ದು ಆ ಒಂಬತ್ತನೆಯ ವಾಕ್ಯ.

ಅಮಾನತಿನ ಸುದ್ದಿ ಕಂಡಾಗಲೇ ಓಲೆಯಕ್ಕನವರಿಗೆ ತಾವು ಕೇಳದೆ ಬಿಟ್ಟ ಪ್ರಶ್ನೆ ನೆನಪಾಗಿ, ಕೊನೆಯ ಬೀದಿಗಳಲ್ಲಿ ವಿಚಾರಿಸಿ ನಿಜ ತಿಳಿದುಕೊಂಡಿದ್ದರು. ಅದೇ ವಾರ ಮಾಲೀಕರು ಅವರನ್ನು ಕರೆಸಿದರು. ಇಲಾಖೆಯ ಜಾಹೀರಾತು ನಿಲ್ಲುವ ಮಾತು ಬಂದಿತ್ತು. ಬರೆದವನ ಹೆಸರು ಕೊಡಬೇಕು, ಇಲ್ಲವೇ ಪುಟ ಬಿಡಬೇಕು ಎಂಬುದು ಅವರ ಷರತ್ತು. ಅಕ್ಕನವರು ಹೆಚ್ಚು ಹೊತ್ತು ಯೋಚಿಸಲಿಲ್ಲವೆಂದು ಆಗ ಅಲ್ಲಿದ್ದ ವ್ಯವಸ್ಥಾಪಕರು ಇಂದಿಗೂ ಹೇಳುತ್ತಾರೆ. ಪುಟ ಬಿಡುತ್ತೇನೆ, ಆದರೆ ಒಂದು ತಿದ್ದುಪಡಿ ಹಾಕಿ ಬಿಡುತ್ತೇನೆ ಎಂದರಂತೆ.

ಆ ಸಂಜೆಯೇ ಪರೀಕ್ಷಕನಿಗೆ ಕರೆ ಹೋಯಿತು. ತನ್ನ ಹೆಸರು ಹೊರಬಿತ್ತೆಂದೇ ಎಣಿಸಿ ಬಂದವನಿಗೆ ಅಕ್ಕನವರು ಕುರ್ಚಿ ತೋರಿಸಲಿಲ್ಲ. ಚಪ್ಪಲಿ ಮೆಟ್ಟಿ ನಿಂತೇ ಇದ್ದರು.

“ಸಾಹೇಬರಿಂದ ನಿಮ್ಮ ಹೆಸರು ಮುಚ್ಚಿಡೋದು ನನ್ನ ಕೆಲಸ,” ಎಂದರು. “ಆ ಯಜಮಾನ್ರಿಂದ ಮುಚ್ಚಿಡೋದಲ್ಲ. ನಡೀರಿ, ಅವರ ಮನೆಗೆ ಹೋಗೋಣ. ತಪ್ಪು ನಂದೂ ಇದೆ, ನಾನೂ ಬರ್ತೀನಿ.”

ದಾರಿಯುದ್ದಕ್ಕೂ ಅವನ ತಲೆಯಲ್ಲಿ ಒಂದೇ ಲೆಕ್ಕ. ಯಜಮಾನರು ನಾಳೆ ಕಚೇರಿಗೆ ಹೋಗಿ ಒಂದು ಹೆಸರು ಹೇಳಿದರೆ ಸಾಕು, ಅವರ ಕೆಲಸ ಅವರಿಗೆ ಬರುತ್ತದೆ, ತನ್ನದು ಹೋಗುತ್ತದೆ. ಅಕ್ಕನವರಿಗೂ ಇದು ಗೊತ್ತಿತ್ತು. ಗೊತ್ತಿದ್ದೇ ಕರೆದುಕೊಂಡು ಹೋದರು.

ಎರಡು ಕೋಣೆಯ ಮನೆ. ಯಜಮಾನರ ಹೆಂಡತಿ ಬಾಗಿಲು ತೆರೆದು, ನೆರೆಯವರು ನೋಡುತ್ತಿದ್ದಾರೆಯೇ ಎಂದು ಅತ್ತಿತ್ತ ಕಣ್ಣಾಡಿಸಿ ಒಳಗೆ ಕರೆದರು. ಪರೀಕ್ಷಕ ಗೋಡೆ ನೋಡುತ್ತಾ ಹೇಳಬೇಕಾದ್ದನ್ನು ಹೇಳಿ ಮುಗಿಸಿದ. ಅಕ್ಕನವರು ತಾವು ಆ ದಿನ ಪ್ರಶ್ನೆ ಕೇಳದೆ ಬಿಟ್ಟದ್ದನ್ನು ಹೇಳಿದರು. ಯಜಮಾನರು ಎದ್ದು ಒಳಗೆ ಹೋಗಿ ಒಂದು ಖಾಲಿ ಬಾಟಲಿ ತಂದರು. ಕಚೇರಿಯಲ್ಲಿ ಅವನನ್ನು ‘ಸರ್’ ಎನ್ನುತ್ತಿದ್ದವರು ಅಂದು ಬೇರೆ ರೀತಿಯಲ್ಲಿ ಕರೆದರು.

“ಬಾ ತಮ್ಮಾ ಇಲ್ಲಿ. ಬಾಟಲಿ ಹೇಗೆ ತುಂಬಬೇಕು ಅಂತ ತೋರಿಸ್ತೀನಿ. ನಲ್ಲಿ ತಿರುಗಿಸಿದ ತಕ್ಷಣ ಹಿಡೀಬಾರದು. ಎರಡು ನಿಮಿಷ ಬಿಡಬೇಕು. ಮೊದಲು ಬರೋದು ಕೊಳವೆಯಲ್ಲಿ ನಿಂತ ನೀರು, ಅದನ್ನ ನಂಬಬಾರದು.”

ಎರಡು ನಿಮಿಷ ಎಷ್ಟು ದೀರ್ಘವೆಂದು ಪರೀಕ್ಷಕನಿಗೆ ತಿಳಿದದ್ದು ಆ ಬಚ್ಚಲಿನಲ್ಲಿ. ನೀರು ಸುರಿಯುತ್ತಿತ್ತು, ಅವನಿಗೆ ಅಳು ಬಂತು, ಯಜಮಾನರು ನೋಡದವರಂತೆ ಗಡಿಯಾರ ನೋಡುತ್ತಿದ್ದರು.

ಮರುದಿನದ ತಿದ್ದುಪಡಿಗೆ ಓಲೆಯಕ್ಕನವರು ತಮ್ಮ ನಿಜವಾದ ಹೆಸರನ್ನೇ ಹಾಕಿದರು. ಒಂಬತ್ತನೆಯ ವಾಕ್ಯ ಸುಳ್ಳು, ವಿಚಾರಿಸದೆ ಅಚ್ಚಿಗೆ ಬಿಟ್ಟವಳು ನಾನು, ಉಳಿದ ಹನ್ನೊಂದು ವಾಕ್ಯಗಳು ಸತ್ಯ, ಅವುಗಳಿಗೂ ನಾನೇ ಹೊಣೆ ಎಂಬಷ್ಟೇ ಒಕ್ಕಣೆ. ಅದನ್ನು ಓದಿದ ಕೊನೆಯ ಬೀದಿಗಳ ಜನ ತಮ್ಮ ಮನೆಯ ನೀರನ್ನು ಬಾಟಲಿಗಳಲ್ಲಿ ತಂದು ಪ್ರಯೋಗಾಲಯದ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟುಹೋದರು. ಇಲಾಖೆಗೆ ವಿಚಾರಣೆ ನಡೆಸದೆ ವಿಧಿಯಿರಲಿಲ್ಲ.

ವಿಚಾರಣೆಯಲ್ಲಿ ಯಜಮಾನರು ತಮ್ಮ ಕಿಸೆ ಪುಸ್ತಕ ಮುಂದಿಟ್ಟರು. ಯಾವ ದಿನ, ಯಾವ ಬೀದಿ, ಯಾವ ನಲ್ಲಿ ಎಂಬುದೆಲ್ಲ ಅದರಲ್ಲಿತ್ತು. ಪತ್ರ ಬರೆದವನು ಯಾರೆಂದು ಗೊತ್ತೇ ಎಂಬ ಪ್ರಶ್ನೆಗೆ, ಕೋಣೆಯ ಮೂಲೆಯಲ್ಲಿ ದಾಖಲೆ ಪುಸ್ತಕಗಳನ್ನು ಹಿಡಿದು ನಿಂತಿದ್ದ ಪರೀಕ್ಷಕ ತಲೆಯೆತ್ತಿ ಯಜಮಾನರತ್ತ ನೋಡಿದ.

“ಗೊತ್ತು,” ಎಂದರು ಯಜಮಾನರು. “ನನ್ನ ಮನೆಗೇ ಬಂದು ಹೇಳಿ ಹೋದ್ರು. ನಿಮ್ಮ ಹತ್ರ ಹೇಳೋದು ಅವ್ರಿಗೆ ಬಿಟ್ಟದ್ದು.”

ಎಷ್ಟು ಗದರಿಸಿದರೂ ಅದರ ಮೇಲೊಂದು ಮಾತು ಬರಲಿಲ್ಲ. ನಾಲ್ಕು ತಿಂಗಳ ಮೇಲೆ ಅವರಿಗೆ ಕೆಲಸ ಮರಳಿತು, ಮುಖ್ಯಸ್ಥರು ಬೇರೆಡೆಗೆ ಹೋದರು, ನಾಳೆಯ ನೀರನ್ನು ನಾಳೆಯೇ ಪರೀಕ್ಷಿಸುವ ಪದ್ಧತಿ ಮತ್ತೆ ಬಂತು.

ಓಲೆಯಕ್ಕನವರು ಮಾತ್ರ ಹದಿನಾಲ್ಕು ತಿಂಗಳು ಬಾಡಿಗೆ ಮನೆಗಳ ಜಾಹೀರಾತಿನ ಕಿಟಕಿಯಲ್ಲಿ ಕುಳಿತರು. ಅಲ್ಲೂ ಅವರ ಚಾಳಿ ಬಿಡಲಿಲ್ಲ. “ಗಾಳಿ ಬೆಳಕು ಧಾರಾಳ” ಎಂದು ಬರೆದುಕೊಡುವ ಮನೆ ಮಾಲೀಕರನ್ನೂ ಕಂಡದ್ದಾ ಕೇಳಿದ್ದಾ ಎಂದು ಕೇಳಿ ಸುಸ್ತು ಹೊಡೆಸುತ್ತಿದ್ದರಂತೆ. ಇತ್ತ ಅವರಿಲ್ಲದ ಪುಟ ಸೊರಗಿತು. ಹೆಸರಿಲ್ಲದ ಬೈಗುಳ ರಾಶಿ ಬಿತ್ತು, ನಂಬಿ ಬರೆಯುವವರು ಇಲ್ಲವಾದರು. ಮಾಲೀಕರೇ ಬಂದು, ಹಳೆಯದನ್ನು ಹೊಟ್ಟೆಯಲ್ಲಿ ಹಾಕಿಕೊಳ್ಳಿ ಎಂದು ಕೇಳಿ ಪುಟವನ್ನು ಮರಳಿಸಿದರು. ಬೆತ್ತದ ಕುರ್ಚಿಯೂ ಉಗ್ರಾಣದಿಂದ ಹೊರಬಂತು.

ಮುಂದಿನ ಇಪ್ಪತ್ತೇಳು ಚಿಲ್ಲರೆ ವರ್ಷಗಳನ್ನು ಅವರಿಗಾಗಿ ಹೊರಬರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ನನಗಿಂತ ಬಲ್ಲವರು ಬರೆದಿದ್ದಾರೆ. ಯಾರು ಯಾರೆಂದೇ ತಿಳಿಯದೆ ಯಾರನ್ನಾದರೂ ಬೈಯಬಹುದಾದ ಈ ಕಾಲದಲ್ಲಿ ಅವರ ಕುರ್ಚಿ ಹಳೆಯದೆನಿಸಬಹುದು. ನನಗೆ ಹಾಗೆ ಅನ್ನಿಸಿಲ್ಲ. ಬಲಶಾಲಿಗಳಿಂದ ಹೆಸರು ಮುಚ್ಚಿಟ್ಟುಕೊಳ್ಳುವ ಹಕ್ಕು ಮಾತಾಡುವವನಿಗೆ ಇರಬೇಕು, ತನ್ನ ಮಾತಿನಿಂದ ನೊಂದವನ ಮನೆಯ ಬಾಗಿಲು ತಟ್ಟುವ ಧೈರ್ಯವೂ ಇರಬೇಕು. ಇವೆರಡನ್ನೂ ಒಂದೇ ಸಂಜೆ ಕಲಿಸಿದ ಗುರು ಅವರು.

ಹೋದ ತಿಂಗಳು ಅಕ್ಕನವರು ಡಬ್ಬಿಯನ್ನು ಬರಿದು ಮಾಡಿದರು. ನಾಲ್ಕುನೂರಕ್ಕೂ ಹೆಚ್ಚು ಚೀಟಿಗಳನ್ನು ಲಕೋಟೆಗಳಿಗೆ ಹಾಕಿ, ಬರೆದವರಿಗೆ ಒಬ್ಬೊಬ್ಬರಿಗೂ ಹಿಂತಿರುಗಿಸಿದರು. ನನಗೂ ಒಂದು ಬಂತು. ಅಂಚಿನಲ್ಲಿ ಬೆವರಿನ ಕಲೆಯಿದ್ದ ಚೀಟಿ, ಜೊತೆಗೆ ಒಂದು ಸಾಲು: “ಇದು ನಿಮ್ಮದು. ಇಷ್ಟು ದಿನ ನನ್ನ ಹತ್ತಿರ ಇತ್ತು.” ಹೌದು, ಆ ಕಿರಿಯ ಪರೀಕ್ಷಕ ನಾನೇ. ಬಾಟಲಿ ಯಜಮಾನರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಹೇಳುವುದು ನನಗೆ ಬಿಟ್ಟದ್ದು ಎಂದು ಅವರು ಕೊಟ್ಟ ಅವಕಾಶವನ್ನು ಇಪ್ಪತ್ತೊಂಬತ್ತು ವರ್ಷ ಎಳೆದಿದ್ದೇನೆ. ನನ್ನ ಸೇವೆ ಇನ್ನೂ ಎರಡು ವರ್ಷವಿದೆ. ನೌಕರರು ಇಲಾಖೆಯ ವಿಷಯ ಪತ್ರಿಕೆಗೆ ಬರೆಯಬಾರದೆಂಬ ನಿಯಮವೂ ಹಾಗೇ ಇದೆ. ನೋಟೀಸು ಬಂದರೆ ಬರಲಿ, ಉತ್ತರ ಸಿದ್ಧವಿದೆ.

ಈ ಲೇಖನವನ್ನು ಸಂಪಾದಕ ಮಂಡಳಿಗೆ ಕೊಡುವ ಮೊದಲು ಅದೇ ಕುರ್ಚಿಯಲ್ಲಿ ಕುಳಿತು ಅಕ್ಕನವರಿಗೆ ಓದಿ ಹೇಳಿದೆ. ಅವರನ್ನು ಹೊಗಳಿದ ಕಡೆಯಲ್ಲೆಲ್ಲ ಪ್ರಶ್ನೆ ಬಂತು, ಆರು ವಾಕ್ಯ ನಾನೇ ಹೊಡೆದೆ. ಅವರು ನೂರು ವರ್ಷ ಬಾಳಲಿ, ಗ್ರಂಥಾಲಯದಲ್ಲಿ ಹೊಸದಾಗಿ ಬರೆಯುವವರಿಗಾಗಿ ನಿವೃತ್ತಿಯ ಮೇಲೆ ಅವರು ತೆರೆಯಲಿರುವ, ವಾರಕ್ಕೊಂದು ದಿನದ ಸಲಹೆಯ ಮೇಜು ಎಂದೂ ಖಾಲಿಯಿರದಿರಲಿ ಎಂಬ ಕೊನೆಯ ಮಾತಿಗೂ ಕನ್ನಡಕದ ಮೇಲಿನಿಂದ ನೋಡಿದರು.

“ಇದು ಕಂಡದ್ದಾ, ಕೇಳಿದ್ದಾ?”

“ಎರಡೂ ಅಲ್ಲ ಅಕ್ಕ, ಬಯಸಿದ್ದು,” ಎಂದೆ.

ಅದನ್ನು ಉಳಿಸಿಕೊಳ್ಳಲು ಒಪ್ಪಿದರು. ಲೇಖನದ ಅಡಿಯಲ್ಲಿ, ಹೆಸರಿನ ಜಾಗಕ್ಕೆ ಏನು ಹಾಕಲಿ ಎಂದು ಅವರು ಕೇಳಿದಾಗ ನನ್ನ ಹುದ್ದೆ ಹಾಕಿ ಎಂದೆ. ಇಡೀ ನಗರದಲ್ಲಿ ಆ ಹುದ್ದೆ ಒಂದೇ, ಅದರಲ್ಲಿರುವವನೂ ಒಬ್ಬನೇ, ಹುಡುಕುವವರಿಗೆ ತೊಂದರೆಯಾಗದು.

— ಮುಖ್ಯ ಪರೀಕ್ಷಕ, ನಗರ ಕುಡಿಯುವ ನೀರಿನ ಪ್ರಯೋಗಾಲಯ